ಗೆಜ್ಜಿಗೆ ಹೇಳದೆ ಉಳಿದ ಮಾತು

ಮಾದೇವಿ, ನಾನು ನಿನಗೆ ಹೇಳಿದ್ದು ಸುಳ್ಳು. ನಮ್ಮ ನಾಯಿ ಗೆಜ್ಜಿಯನ್ನು ನಾವು ಯಾರ ಮನೆಗೂ ಕೊಡಲಿಲ್ಲ. ಅದು ತಿರುವನಂತಪುರದ ಶ್ರೀಕಾರ್ಯಂಗೆ ಹೋಗಲೇ ಇಲ್ಲ. ನಮ್ಮ ಕೋಣೆಯ ಹಿಂದಿನ ತಗಡಿನ ಗೋಡೌನಿನಲ್ಲಿ, ನಾನೇ ಹಾಕಿದ ಚಿಲಕದ ಹಿಂದೆ, ನಾನೇ ಹೇಳಿದ ಮಾತನ್ನು ಮೀರದೆ ಸತ್ತುಹೋಯಿತು.

ಇಷ್ಟು ಬರೆಯಲು ನೀನು ಹೋಗುವವರೆಗೆ ಕಾದೆ. ಬದುಕಿರುವಾಗ ಹೇಳಿದ್ದರೆ ನೀನು ಅಳುತ್ತಿದ್ದೆ, ಬೈಯುತ್ತಿದ್ದೆ, ಕೆಲವು ದಿನ ಮಾತು ಬಿಡುತ್ತಿದ್ದೆ. ಆಮೇಲೆ ಒಂದು ಸಂಜೆ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ, ಏನೋ ಒಂದು ಅನ್ನುತ್ತಿದ್ದೆ. ಆ ಒಂದು ಮಾತು ಏನಿರುತ್ತಿತ್ತು ಎಂದು ಈಗ ದಿನವೂ ಯೋಚಿಸುತ್ತೇನೆ. ತಿಳಿಯುವುದಿಲ್ಲ. ಕೇಳಿಸಿಕೊಳ್ಳುವ ಧೈರ್ಯ ಇದ್ದಾಗ ತಾನೇ —

ಈಗ ಕೊಚ್ಚಿಯ ಹತ್ತಿರದ ಏಲೂರಿನಲ್ಲೇ ಬೇರೆ ಒಂದು ಬಾಡಿಗೆ ಕೋಣೆಯಲ್ಲಿದ್ದೇನೆ. ಪಕ್ಕದಲ್ಲಿ ಫ್ಯಾಕ್ಟರಿಗೆ ಹೋಗುವ ಬಂಗಾಳದ ಹುಡುಗರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಮಗಳು ರೇಖಾ ಪಾಲಕ್ಕಾಡಿನಿಂದ ಫೋನ್ ಮಾಡುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ, ಚಿಕ್ಕಂದಿನಿಂದಲೂ ಹಾಗೆಯೇ. ಕನ್ನಡ ಅವಳಿಗೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನೀನು ಹೋದ ಮೇಲೆ ನನ್ನ ಮನೆಯಲ್ಲಿ ನಾನು ಬರೆದದ್ದನ್ನು ಓದಬಲ್ಲವರು ಯಾರೂ ಉಳಿದಿಲ್ಲ. ಅದಕ್ಕೇ ಇದನ್ನು ಗುರುತಿಲ್ಲದವರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡ.

ನನ್ನ ಹೆಸರು ಸಿದ್ದಪ್ಪ. ಮುಧೋಳದ ಕಡೆಯವನು. ಹತ್ತನೇ ಇಯತ್ತೆ ಮುಗಿಸಿದ್ದೇನೆ, ಅದರಾಚೆ ಇಲ್ಲ. ನಮ್ಮ ಕಡೆಯ ನಾಯಿ ಹೇಗಿರುತ್ತದೆಂದು ಬಹಳ ಜನರಿಗೆ ಗೊತ್ತು: ಉದ್ದ ಮೋರೆ, ಒಳಗೆ ಸೇದಿದ ಹೊಟ್ಟೆ, ಓಡುವಾಗ ನೆಲಕ್ಕೆ ಕಾಲು ತಾಗುತ್ತದೋ ಇಲ್ಲವೋ ಅನ್ನಿಸುವ ಓಟ. ನಮ್ಮಪ್ಪ ಅವುಗಳನ್ನು ಮೊಲದ ಬೇಟೆಗೆ ತಯಾರು ಮಾಡುತ್ತಿದ್ದ. ಆಗಲೂ ಅದು ಕಾನೂನಿಗೆ ವಿರೋಧವೇ. ಆದರೆ ಊರಲ್ಲಿ ಯಾರೂ ಅದನ್ನು ತಪ್ಪು ಎಂದು ಎಣಿಸುತ್ತಿರಲಿಲ್ಲ.

ಬೇಟೆ ನಾಯಿಗೆ ಮೊದಲು ಕಲಿಸುವುದು ಓಟವನ್ನಲ್ಲ, ಓಟ ಅದಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ಕಲಿಸುವುದು ಸುಮ್ಮನಿರುವುದನ್ನು. ಮೊಲ ಪೊದೆಯಿಂದ ಏಳುವ ಮೊದಲೇ ನಾಯಿ ಕುಂಯ್ ಎಂದರೆ ಬೇಟೆ ಮುಗಿಯಿತು. ಅದಕ್ಕೇ ಮರಿಯಾಗಿದ್ದಾಗಲೇ ಅಂಬಲಿಯ ಬಟ್ಟಲು ಎದುರಿಗಿಟ್ಟು, ಅಂಗೈಯನ್ನು ಮೆಲ್ಲಗೆ ಮೂತಿಯ ಮೇಲಿಟ್ಟು, ಹಣೆಗೆ ಒಮ್ಮೆ ಊದಿ, "ತಡಿ" ಎನ್ನಬೇಕು. ಎಂದ ಮೇಲೆ ಅದು ಅಲುಗಬಾರದು, ಸದ್ದು ಮಾಡಬಾರದು. "ಛೂ" ಎಂದಾಗ ಮಾತ್ರ ಬಿಡುಗಡೆ. ದಿನಾ ಹೀಗೆ ಮಾಡುತ್ತಾ ಹೋದರೆ ಕೊನೆಗೆ ಬಟ್ಟಲೂ ಬೇಡ, ಕೈಯೂ ಬೇಡ. "ತಡಿ" ಎಂದು ನೀವು ಹೊಲ ದಾಟಿ ಹೋದರೂ ಅದು ಅಲ್ಲೇ ಇರುತ್ತದೆ. ಅಪ್ಪ ಒಂದೇ ಒಂದು ಎಚ್ಚರಿಕೆ ಹೇಳಿದ್ದ — ತಡಿ ಅಂದಾಂವನs ಛೂ ಅನ್ಬೇಕು, ಮರೀಬ್ಯಾಡ.

ಈ ವಿದ್ಯೆಯೇ ನನ್ನನ್ನು ಕೊಚ್ಚಿಗೆ ತಂದದ್ದು. ಏಲೂರಿನಲ್ಲಿ ನಾಯಿಮರಿ ಮಾರುವ ಒಬ್ಬರು ನಮ್ಮ ಕಡೆಯಿಂದ ನಾಯಿ ಕೊಂಡು, ಜೊತೆಗೆ ನೋಡಿಕೊಳ್ಳುವವನೂ ಬೇಕು ಎಂದರು. ಎಲ್ಲರೂ ಅವರನ್ನು ಬೇಬಿ ಮುದಲಾಳಿ ಎನ್ನುತ್ತಿದ್ದರು. ಮುದಲಾಳಿ ಎಂದರೆ ಇಲ್ಲಿ ಧಣಿ. ನೀನು ಅವರನ್ನು ಮೊದಲ ಸಲ ನೋಡಿದಾಗ ನನ್ನ ಕಿವಿಯಲ್ಲಿ ಅಂದದ್ದು ನೆನಪಿದೆಯೇ? "ಹೆಸರು ಬೇಬಿ, ಹೊಟ್ಟಿ ನೋಡಿದ್ರ ತುಂಬಿದ ಬಸುರಿದು." ನಾನು ನಗು ತಡೆಯಲಾಗದೆ ಕೆಮ್ಮಿದೆ. ಅವರು ನೀರು ತರಿಸಿಕೊಟ್ಟರು.

ಮುಂದೆ ರಸ್ತೆಯ ಕಡೆಗೆ ಹೆಂಚಿನ ಸಾಲಿನಲ್ಲಿ ಚೆಂದದ ನಾಯಿಗಳು, ಫ್ಲಾಟುಗಳ ಜನ ಕಾರಿನಲ್ಲಿ ಬಂದು ಮುದ್ದಿಸಿ ಕೊಳ್ಳುವಂಥವು. ಹಿಂದಿನ ಸಾಲು ನನ್ನದು. ಅಲ್ಲಿ ನಮ್ಮ ಕಡೆಯ ನಾಯಿಗಳು, ಅವಕ್ಕೆ ಹೊರದೇಶದ ಓಟದ ನಾಯಿಗಳನ್ನು ಕೂಡಿಸಿ ಹುಟ್ಟಿಸಿದ ಮರಿಗಳು. ಅವನ್ನು ಒಯ್ಯುವವರು ಬೇರೆ ಜನ. ಕೆಲವರು ಉತ್ತರದ ಕಡೆ ಬಯಲಿನಲ್ಲಿ ರೇಸ್ ಬಿಡುವವರು, ಕೆಲವರು ಎಸ್ಟೇಟಿನಲ್ಲಿ ಹಂದಿಯ ಮೇಲೆ ಬಿಡುವವರು. ಓಟದಲ್ಲಿ ಹಿಂದೆ ಬಿದ್ದ ನಾಯಿ ಆಮೇಲೆ ಏನಾಗುತ್ತದೆ ಎಂದು ನಾನು ಅವರನ್ನು ಕೇಳಲಿಲ್ಲ. ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಗೆಜ್ಜಿ ಹುಟ್ಟಿದ್ದು ಆ ಹಿಂದಿನ ಸಾಲಿನಲ್ಲಿ. ತಾಯಿ ಮೇಲಿಂದ ಮೇಲೆ ಮರಿ ಹಾಕಿ ಬತ್ತಿಹೋಗಿತ್ತು, ಹಾಲೇ ಇರಲಿಲ್ಲ. ಎಲ್ಲಕ್ಕಿಂತ ಸಣ್ಣ ಮರಿಯನ್ನು ನೀನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಕಾಕ್ಕನಾಡಿನ ಫ್ಲಾಟುಗಳಲ್ಲಿ ನೆಲ ಒರೆಸುವ ಕೆಲಸ ನಿನ್ನದು. ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಮತ್ತು ಸಂಜೆ ಬಂದ ಕೂಡಲೇ ಹತ್ತಿಯ ಬತ್ತಿಯಲ್ಲಿ ಆಡಿನ ಹಾಲು ಕುಡಿಸುತ್ತಿದ್ದೆ. ನಾನು "ಅದು" ಎನ್ನುತ್ತಿದ್ದೆ, ನೀನು ಮೊದಲ ದಿನದಿಂದ "ಆಕಿ" ಎಂದೆ. ನಡೆಯಲು ಬಂದಾಗ ಟೈಲ್ಸಿನ ಮೇಲೆ ಅದರ ಉಗುರು ಟಿಕ್ಕ್ ಟಿಕ್ಕ್ ಎಂದು ಸದ್ದಾಗುತ್ತಿತ್ತು. "ಗೆಜ್ಜಿ ಕಟಗೊಂಡು ಬಂದಾಳ ನೋಡ್ರಿ" ಎಂದೆ ನೀನು. ಅದೇ ಹೆಸರಾಯಿತು.

"ತಡಿ" ಎಂದರೆ ಏನೆಂದು ಅದಕ್ಕೆ ಕಲಿಸಿದ್ದು ಮಾತ್ರ ನಾನು. ನಿನ್ನ ರೊಟ್ಟಿಯ ತುಂಡು ಎದುರಿಗಿಟ್ಟು ಕಲಿಸಿದೆ. ಅಷ್ಟು ಬೇಗ ಕಲಿತ ನಾಯಿಯನ್ನು ನಾನು ಬೇರೆ ಕಂಡಿಲ್ಲ. ನೀನೂ ಆಟಕ್ಕೆ "ತಡಿ" ಎಂದು ಹೇಳಿ, ಅದು ಕಲ್ಲಿನಂತೆ ಕುಳಿತಾಗ ತಡೆಯಲಾಗದೆ ನೀನೇ ಮೊದಲು "ಛೂ" ಎನ್ನುತ್ತಿದ್ದೆ. ಒಮ್ಮೆಯೂ ನೀನು ಅದನ್ನು ಕಾಯಿಸಲಿಲ್ಲ.

ನಾಯಿ ಮರಿ ಮಾಡಿಸಿ ಮಾರುವವರು ನೋಂದಣಿ ಮಾಡಿಸಬೇಕೆಂದು ಆ ಹೊತ್ತಿಗಾಗಲೇ ಸರ್ಕಾರದವರು ಗಟ್ಟಿಯಾಗಿ ಹೇಳತೊಡಗಿದ್ದರು. ಎಳೆಯ ನಾಯಿಗೆ ಮರಿ ಹಾಕಿಸಬಾರದು, ಬೆನ್ನು ಬೆನ್ನಿಗೆ ಹಾಕಿಸಬಾರದು, ಮುದಿಯಾದದ್ದಕ್ಕೆ ಹಾಕಿಸಲೇಬಾರದು, ತಿರುಗಾಡಲು ಜಾಗ, ಗಾಳಿ, ಬೆಳಕು ಇರಬೇಕು. ಅಧಿಕಾರಿಗಳು ಬಂದು ಕಣ್ಣಾರೆ ನೋಡುತ್ತಾರೆ. ನಿಯಮದಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಅದನ್ನು ಪಾಲಿಸುವುದಕ್ಕಿಂತ, ನೋಡಲು ಬಂದ ದಿನ ಹಿಂದಿನ ಸಾಲನ್ನು ಖಾಲಿ ಮಾಡುವುದು ಸುಲಭ ಎಂದು ನಮಗೆ ಕಂಡಿತು — ಅಷ್ಟೇ. "ನಮಗೆ" ಎಂದು ಬರೆದೆ. ಮುದಲಾಳಿಗೆ ಎಂದು ಬರೆದು ತಪ್ಪಿಸಿಕೊಳ್ಳಬಹುದಿತ್ತು.

ಗೆಜ್ಜಿಗೆ ಇನ್ನೂ ಪೂರ್ತಿ ಮೈ ತುಂಬಿರಲಿಲ್ಲ. ರೇಸಿನವರು ಒಂದು ಹೆಸರುವಾಸಿ ಗಂಡು ನಾಯಿಯನ್ನು ತಂದು ಬಿಟ್ಟಿದ್ದರು, ಅದು ಕೆಲವೇ ದಿನ ಇಲ್ಲಿರುವುದು. ಮುದಲಾಳಿ ಗೆಜ್ಜಿಯ ಕಡೆ ಬೆರಳು ತೋರಿಸಿದರು. ನೀನು ಅಡ್ಡ ನಿಂತೆ.

"ಅದರ ಮೈಯಾಗ ಇನ್ನಾ ಬಲ ಬಂದಿಲ್ರಿ. ಕೂಸಿಗೊಂದು ಕೂಸು ಯಾಕ ಬೇಕ?"

"ಮುದಲಾಳಿ ಹೇಳ್ಯಾರ," ಎಂದೆ.

"ಅವರಿಗೇನ ಗೊತ್ತು. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿತ್ತು. ಆದರೂ ಹಿಡಿದುಕೊಂಡು ಹೋದವನು ನಾನೇ. ನೀನು ಆ ವಾರ ಪೂರಾ ನನಗೆ ಬಡಿಸಲಿಲ್ಲ. ಪಾತ್ರೆ ನೆಲಕ್ಕಿಟ್ಟು ಎದ್ದು ಹೋಗುತ್ತಿದ್ದೆ.

ಅಧಿಕಾರಿಗಳು ಬರುವ ದಿನ ಗೊತ್ತಾದಾಗ ಗೆಜ್ಜಿಯ ದಿನಗಳು ತುಂಬುತ್ತಾ ಬಂದಿದ್ದವು. ಬೇರೆ ನಾಯಿಗಳನ್ನೆಲ್ಲ ವ್ಯಾನಿನಲ್ಲಿ ಮುದಲಾಳಿಯ ಅಳಿಯನ ತೋಟಕ್ಕೆ ಸಾಗಿಸಿದೆವು. ಗೆಜ್ಜಿಯನ್ನು ವ್ಯಾನಿಗೆ ಏರಿಸಲು ನನಗೆ ಮನಸ್ಸಾಗಲಿಲ್ಲ, ಕುಲುಕಾಟಕ್ಕೆ ಮರಿ ಹೋದಾವು ಎಂದು ಹೆದರಿದೆ. ಆಗ ಮುದಲಾಳಿಗೆ ಉಪಾಯ ಹೇಳಿದವನು ನಾನು: ಗೋಡೌನಿನಲ್ಲಿ ಬಿಡೋಣ, ಹಿಟ್ಟಿನ ಚೀಲಗಳ ಹಿಂದೆ. ಅವರು ಕೇಳಿದರು, "ಶಬ್ದಂ ಉಂಡಾಕ್ಕುಮೋಡಾ?" — ಸದ್ದು ಮಾಡೀತೇನೋ? ನಾನು ನಕ್ಕೆ. ನಾನು ಹೇಳಿದರೆ ಇಲ್ಲ ಎಂದೆ. ಆ ನಗುವಿನಲ್ಲಿ ಹೆಮ್ಮೆ ಇತ್ತು, ಮಾದೇವಿ. ಅದನ್ನು ಮುಚ್ಚಿಡಲಾರೆ.

ಇಲ್ಲಿಯವರು ಮೀನ ಮಾಸ ಎನ್ನುವ ಆ ದಿನಗಳ ಬಿಸಿಲು ನಿನಗೆ ಗೊತ್ತಲ್ಲ, ಗಾಳಿಯೇ ಬೆವರುತ್ತದೆ. ನೀನು ಬಸ್ಸಿಗೆ ಹೋದ ಮೇಲೆ ಗೆಜ್ಜಿಯನ್ನು ಒಳಗೆ ಕರೆದೊಯ್ದೆ. ಒಂದು ಬಟ್ಟಲು ನೀರಿಟ್ಟೆ. ಹಣೆಗೆ ಊದಿದೆ. "ತಡಿ" ಎಂದೆ. ಅದು ಭಾರದ ಹೊಟ್ಟೆಯನ್ನು ಒಂದು ಬದಿಗೆ ಹಾಕಿ ಮಲಗಿ ನನ್ನನ್ನು ನೋಡಿತು. ಸ್ವಲ್ಪ ಹೊತ್ತಿನ ಮಾತು ಎಂದುಕೊಂಡು ಚಿಲಕ ಹಾಕಿದೆ.

ಬಂದವರು ಒಬ್ಬ ಲೇಡಿ ಡಾಕ್ಟರು, ಜೊತೆಗೊಬ್ಬ ಸಹಾಯಕ. ಹೊಟ್ಟೆ ತುಂಬಿ ಮಲಗಿದ್ದ ಮುಂದಿನ ಸಾಲು ನೋಡಿದರು, ತೊಳೆದ ನೆಲ ನೋಡಿದರು. ಬಂದಷ್ಟೇ ಬೇಗ ಹೋಗಿಬಿಡುತ್ತಿದ್ದರೇನೋ. ಆದರೆ ಡಾಕ್ಟರು ಗೇಟಿನ ಬಳಿ ನಿಂತು, ಇಷ್ಟು ಶಾಂತವಾದ ನಾಯಿಮನೆ ನಾನು ನೋಡಿಯೇ ಇಲ್ಲ ಎಂದರು. ಮುದಲಾಳಿ ನನ್ನ ಬೆನ್ನು ತಟ್ಟಿ, ಇವನು ಮುಧೋಳದವನು, ಎಲ್ಲ ಇವನ ಕೈಗುಣ ಎಂದರು. ಡಾಕ್ಟರಿಗೆ ಆಸಕ್ತಿ ಹುಟ್ಟಿತು. ಕಾಲೇಜಿನಲ್ಲಿ ಆ ತಳಿಯ ಬಗ್ಗೆ ಓದಿದ್ದೇನೆ, ನಿಮ್ಮಲ್ಲಿ ಹೇಗೆ ಸಾಕುತ್ತಾರೆ ಎಂದು ಕೇಳಿದರು. ಮುದಲಾಳಿ ನೆರಳಿಗೆ ಕುರ್ಚಿ ಹಾಕಿಸಿದರು. ಮನೆಯಿಂದ ಊಟ ತರಿಸಿದರು.

ನನ್ನನ್ನು ಯಾರೂ ಅಲ್ಲಿಯವರೆಗೆ ಕುರ್ಚಿಯ ಮೇಲೆ ಕೂರಿಸಿ ಕೇಳಿರಲಿಲ್ಲ. ನನ್ನ ಒಡಕು ಮಲಯಾಳದಲ್ಲಿ ಹೇಳುತ್ತಾ ಹೋದೆ. ಅಪ್ಪನ ನಾಯಿಗಳು, ಜೋಳ ಕೊಯ್ದ ಹೊಲ, ಪೊದೆಯ ಹಿಂದಿನ ಮೊಲ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು. ಆಗ ನಾನು — ನಾನೇ, ನನ್ನ ಬಾಯಿಂದಲೇ — ಬೇಟೆ ನಾಯಿ ಹೇಗೆ ಸುಮ್ಮನಿರುತ್ತದೆ ಎಂದು ಹೇಳಿದೆ. ಒಮ್ಮೆ ಹೇಳಿದರೆ ಸಾಕು ಮೇಡಂ, ಬಿಸಿಲಿರಲಿ, ಹಸಿವಿರಲಿ, ಎದುರಿಗೆ ಹಾವು ಹರಿದು ಹೋಗಲಿ, ನಾವು ಬಿಡು ಎನ್ನುವವರೆಗೆ ತುಟಿ ಬಿಚ್ಚುವುದಿಲ್ಲ. ಡಾಕ್ಟರು ಅಚ್ಚರಿಯಿಂದ ತಲೆ ಆಡಿಸಿದರು. ನನಗೆ ಇನ್ನೂ ಹೇಳಬೇಕೆನ್ನಿಸಿತು. ಹೇಳಿದೆ.

ನಾವು ಕುಳಿತ ಜಾಗದಿಂದ ಗೋಡೌನಿನ ಬಾಗಿಲು ಕಾಣುತ್ತಿತ್ತು.

ಅವರು ಹೋದ ಮೇಲೆ ಚಿಲಕ ತೆಗೆದೆ. ಒಳಗಿನ ಗಾಳಿ ಒಲೆಯ ಬಾಯಿಯಂತೆ ಮುಖಕ್ಕೆ ಹೊಡೆಯಿತು. ಬಟ್ಟಲು ಖಾಲಿಯಾಗಿತ್ತು. ನಾನು ಬಿಟ್ಟ ಜಾಗದಿಂದ ಗೆಜ್ಜಿ ಬಾಗಿಲಿನವರೆಗೆ ಬಂದಿರಲಿಲ್ಲ, ಬಾಗಿಲಿಗೆ ಒಂದು ಗೀರೂ ಇರಲಿಲ್ಲ. ಅಲ್ಲೇ ಮೋರೆಯನ್ನು ಮಾತ್ರ ಬಾಗಿಲ ಕಡೆ ತಿರುಗಿಸಿ ಮಲಗಿತ್ತು. ನಾಲಿಗೆ ಹೊರಗೆ ಬಿದ್ದಿತ್ತು. "ಛೂ" ಎನ್ನಲು ಬಾಯಿ ತೆರೆದೆ. ಧ್ವನಿ ಬರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟೆ. ಒಳಗೂ ಏನೂ ಅಲುಗಲಿಲ್ಲ.

ಒಂದು ಸಲ ಬೊಗಳಿದ್ದರೆ ಸಾಕಿತ್ತು. ಡಾಕ್ಟರು ಎದ್ದು ಬಂದು ಬಾಗಿಲು ತೆಗೆಸುತ್ತಿದ್ದರು. ಬೀದಿಯ ನಾಯಿಯಾಗಿದ್ದರೆ ಬೊಗಳುತ್ತಿತ್ತು. ನನ್ನ ಕೈಯಲ್ಲಿ ಕಲಿಯದ ಯಾವ ನಾಯಿಯಾಗಿದ್ದರೂ ಬದುಕುತ್ತಿತ್ತು.

ಹಿಂದಿನ ತೋಡಿನ ದಂಡೆಯಲ್ಲಿ ಕೆಸುವಿನ ಎಲೆಗಳ ನಡುವೆ ಮಣ್ಣು ಮಾಡಿದೆ. ನೀನು ಸಂಜೆಯ ಬಸ್ಸಿಳಿದು ಬರುವಷ್ಟರಲ್ಲಿ ನಾನು ಕೈಕಾಲು ತೊಳೆದುಕೊಂಡಿದ್ದೆ. ನೀನು ಚೀಲ ಕೆಳಗಿಡುವ ಮೊದಲೇ "ಗೆಜ್ಜೀ" ಎಂದೆ. ಟಿಕ್ಕ್ ಟಿಕ್ಕ್ ಕೇಳಿಸಲಿಲ್ಲ. ನನ್ನನ್ನು ನೋಡಿದೆ.

ಆಗ ನನ್ನ ಬಾಯಿಗೆ ಶ್ರೀಕಾರ್ಯಂ ಬಂತು. ಹಿಂದೊಮ್ಮೆ ತಿರುವನಂತಪುರಕ್ಕೆ ಮರಿ ಕೊಟ್ಟು ಬರಲು ಹೋಗಿದ್ದಾಗ ಆ ಊರನ್ನು ಬಸ್ಸಿನಿಂದ ನೋಡಿದ್ದೆ. ಇಂದು ಅಲ್ಲಿನ ಒಬ್ಬರು ಕಾರು ತಂದಿದ್ದರು ಎಂದೆ. ನಮ್ಮ ಕನ್ನಡದವರೇ, ವರ್ಗವಾಗಿ ಬಂದ ವಿಜ್ಞಾನಿಗಳು, ದೊಡ್ಡ ಅಂಗಳ, ಗೆಜ್ಜಿಯನ್ನು ಕಂಡು ಬಿಡಲೇ ಇಲ್ಲ, ಹೆರಿಗೆಯನ್ನೂ ಅವರೇ ನೋಡಿಕೊಳ್ಳುತ್ತಾರೆ. ಒಂದೊಂದಾಗಿ ಹುಟ್ಟಿಸುತ್ತಾ ಹೋದೆ.

"ನನ್ನ ಮಾರಿ ನೋಡದs ಹೋದ್ಲೇನು?" ಎಂದೆ ನೀನು. ಚೀಲ ಕೆಳಗಿಟ್ಟು, "ಕನ್ನಡ ಮಾತಾಡ್ತಾರಲ್ಲ, ಹೋಗ್ಲಿ. ಛೂ ಅಂದ್ರ ತಿಳಿಯೋ ಮಂದಿ," ಎಂದು ಸೆರಗಿನಿಂದ ಮುಖ ಒರೆಸಿಕೊಂಡೆ.

ಅಲ್ಲಿಂದ ಆ ಸುಳ್ಳಿಗೆ ನಾನು ಅನ್ನ ಹಾಕುತ್ತಾ ಬಂದೆ. ತಿರುವನಂತಪುರಕ್ಕೆ ಮರಿ ಒಯ್ಯುವ ಕೆಲಸ ಬಂದಾಗಲೆಲ್ಲ ನೀನು ಊರಿನಿಂದ ತರಿಸಿದ ಹಿಟ್ಟಿನಲ್ಲಿ ಖಡಕ್ ಸಜ್ಜಿ ರೊಟ್ಟಿ ಮಾಡಿ, ಬೆಲ್ಲದ ಹರಳು ಇಟ್ಟು, ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದೆ. ರೈಲು ಆಲಪ್ಪುಳದ ನೀರಿನ ಪಕ್ಕದಲ್ಲಿ ಓಡುವಾಗ ನಾನು ಗಂಟು ಬಿಚ್ಚುತ್ತಿದ್ದೆ. ಎಸೆಯಲು ಕೈ ಬರುತ್ತಿರಲಿಲ್ಲ. ತಿನ್ನುತ್ತಿದ್ದೆ. ಗೆಜ್ಜಿಯ ರೊಟ್ಟಿಯನ್ನು ತುಣುಕು ತುಣುಕಾಗಿ ಮುರಿದು ನಾನೇ ತಿನ್ನುತ್ತಿದ್ದೆ.

ಮನೆಗೆ ಬಂದಾಗ ನೀನು ಕೇಳುತ್ತಿದ್ದೆ, "ತಿಂದ್ಲೇನ್ರಿ?"

"ತಿಂದ್ಲು. ಕೈಯಾಗಿಂದ ಕಸಗೊಂಡು ತಿಂದ್ಲು."

"ದಪ್ಪ ಆಗ್ಯಾಳೇನು?"

"ಆಗ್ಯಾಳ. ನಿನ್ನಂಗ."

ನೀನು ನಗುತ್ತಿದ್ದೆ. ನಾನೂ ನಗುತ್ತಿದ್ದೆ. ಹಾಗೆ ನಗಲು ಆಗುತ್ತದೆ ಎಂಬುದೇ — ಏನೆನ್ನಲಿ.

ಇನ್ನೂ ಒಂದನ್ನು ಹೇಳಬೇಕು. ಗೆಜ್ಜಿಯ ನಂತರ ನಾನು ಆ ಕೆಲಸ ಬಿಡಲಿಲ್ಲ. ಮುದಲಾಳಿ ಗೋಡೌನಿಗೆ ಒಂದು ಫ್ಯಾನ್ ಹಾಕಿಸಿದರು. ನಮ್ಮಿಬ್ಬರ ಪಶ್ಚಾತ್ತಾಪ ಅಷ್ಟೇ. ನೋಡಲು ಬರುವವರ ದಿನ ನಾನು ಹಿಂದಿನ ಸಾಲಿನ ನಾಯಿಗಳನ್ನು ಒಳಗೆ ಕೂಡಿಹಾಕಿ, ಒಂದೊಂದರ ಹಣೆಗೂ ಊದಿ, "ತಡಿ" ಎನ್ನುತ್ತಿದ್ದೆ. ಈಗ ವ್ಯಾನೂ ಬೇಕಿರಲಿಲ್ಲ. ಮರೆಯದೆ "ಛೂ" ಎನ್ನುತ್ತಿದ್ದೆ, ಅದರಲ್ಲಿ ಏನೋ ಸರಿ ಮಾಡಿದಂತೆ. ನೀನು ಕೆಲಸಕ್ಕೆ ಹೋದ ಹೊತ್ತಿನಲ್ಲೇ ಇವೆಲ್ಲ ನಡೆಯುತ್ತಿದ್ದವು. ಅದನ್ನೂ ನೀನು ಅರಿಯೆ.

ಆಮೇಲೆ ನಿನ್ನ ಕಾಯಿಲೆ. ಎರ್ನಾಕುಲಂನಲ್ಲಿ ನೋಡಿದವರು ತಿರುವನಂತಪುರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಗೆ ಹೋಗಿ ಬರುವುದೇ ನಮ್ಮ ಕೆಲಸವಾಯಿತು. ಮೊದಮೊದಲು ನಿನಗೆ ಎದ್ದು ಕೂರಲೂ ತ್ರಾಣವಿರಲಿಲ್ಲ, ಆದ್ದರಿಂದ ಗೆಜ್ಜಿಯನ್ನು ನೋಡಲು ಹೋಗುವ ಮಾತು ಬರದೆ ನನ್ನ ಸುಳ್ಳು ಉಳಿದುಕೊಂಡಿತು. ನಡುವೆ ಸ್ವಲ್ಪ ಚೇತರಿಸಿಕೊಂಡ ಒಂದು ದಿನ, ಆಸ್ಪತ್ರೆಯ ಗೇಟಿನಲ್ಲಿ ಆಟೋ ಹತ್ತುವಾಗ ನೀನು ಡ್ರೈವರನ ಕಡೆ ನೋಡಿ ಮಲಯಾಳದಲ್ಲಿ ಕೇಳಿದೆ, ಶ್ರೀಕಾರ್ಯಂ ಹತ್ತಿರವೇನು? ಅವನು, ಇಲ್ಲೇ ಅಮ್ಮಚ್ಚೀ ಎಂದ.

"ಒಮ್ಮೆ ನೋಡಿ ಹೋಗೂಣ್ರಿ. ಮತ್ತ ಬರ್ತೀನೋ ಇಲ್ಲೋ."

ಆ ವಿಜ್ಞಾನಿಗಳು ವರ್ಗವಾಗಿ ಹೋದರು ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯಲ್ಲಿತ್ತು. ನಿಜವನ್ನೂ ಹೇಳಬಹುದಿತ್ತು, ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗುತ್ತಿರಲಿಲ್ಲ. ನೀನು ತಲೆಯ ಮೇಲಿನ ಸ್ಕಾರ್ಫು ಸರಿ ಮಾಡಿಕೊಂಡೆ, ಕೂದಲು ಉದುರಿದ್ದು ಗೆಜ್ಜಿಗೆ ಕಾಣಬಾರದೆಂಬಂತೆ. ಅದನ್ನು ನೋಡಿ, ಶ್ರೀಕಾರ್ಯಂಗೆ ಬಿಡು ಎಂದೆ. ಎಡಕ್ಕೆ, ಬಲಕ್ಕೆ ಎಂದು ಡ್ರೈವರನಿಗೆ ಸುಮ್ಮನೆ ಹೇಳುತ್ತಾ ಹೋದೆ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಗುಂಪಾಗಿ ನಡೆಯುತ್ತಿದ್ದರು. ಒಂದು ಇಳಿಜಾರಿನ ಓಣಿಯಲ್ಲಿ ಹಸಿರು ಗೇಟು, ಅದರ ಹಿಂದೆ ಒಂದು ಕಂದು ಬಣ್ಣದ ನಾಯಿ, ಉದ್ದ ಕಾಲು, ತೆಳ್ಳನೆಯ ಸೊಂಟ. ದೂರದಿಂದ ನೋಡಿದರೆ ಹೌದೆನ್ನಬಹುದು. "ಇದs," ಎಂದುಬಿಟ್ಟೆ.

ನೀನು ಆಟೋದ ಕಂಬಿ ಹಿಡಿದು ಇಳಿದೆ. ನನ್ನ ಕೈ ಬೇಡ ಎಂದೆ. ಗೇಟಿನ ಹತ್ತಿರ ಹೋಗಿ, "ಗೆಜ್ಜೀ," ಎಂದು ಕರೆದೆ. ನಾಯಿ ಗೇಟಿಗೆ ಎರಗಿ ಬೊಗಳತೊಡಗಿತು. ನೀನು ಹಿಂದೆ ಸರಿಯಲಿಲ್ಲ. ಬೆರಳುಗಳನ್ನು ಕಂಬಿಯ ಸಂದಿಯಲ್ಲಿಟ್ಟು ಮೆಲ್ಲಗೆ, "ತಡಿ," ಎಂದೆ. ಅದು ಇನ್ನೂ ಜೋರಾಗಿ ಬೊಗಳಿತು. ಮತ್ತೆ, ಹಣೆಗೆ ಊದುವಂತೆ ಗಾಳಿಯಲ್ಲಿ ಒಮ್ಮೆ ಊದಿ, "ತಡಿಯವ್ವಾ," ಎಂದೆ.

ಒಳಗಿನಿಂದ ಒಬ್ಬ ಹೆಂಗಸು ಬಂದಳು. "ಟೈಗರೇ, ಮಿಂಡಾದಿರಿ!" ಎಂದು ಗದರಿದಳು. ನಾಯಿ ತಟ್ಟನೆ ಸುಮ್ಮನಾಯಿತು. ಆಮೇಲೆ ನಮ್ಮ ಕಡೆ ತಿರುಗಿ, "ಆರಾ? ಎಂದಾ ವೇಂಡೇ?" ಯಾರು, ಏನು ಬೇಕು ಎಂದು ಕೇಳಿದಳು.

ಮನೆ ತಪ್ಪಿತು ಎಂದೆ ನಾನು. ಮಲಯಾಳದಲ್ಲಿ ಹೇಳಿದೆ, ಆದರೆ ಆ ಭಾಷೆ ನಿನಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

ಆಟೋ ಸ್ಟೇಷನ್ನಿನ ಕಡೆ ಹೊರಟಿತು. ನೀನು ಹೊರಗೆ ನೋಡುತ್ತಿದ್ದೆ. ಹಾಗೇ ನೋಡುತ್ತಾ ಹೇಳಿದೆ, "ಓಣಿ ತಪ್ಪಿರಬೇಕ್ರಿ. ಎಲ್ಲಾ ಗೇಟೂ ಒಂದs ನಮೂನಿ ಅದಾವ." ನನ್ನ ಕಡೆ ತಿರುಗಿ ಒಮ್ಮೆ ನೋಡಿದೆ, ಬಾಯಿ ತೆರೆಯಲು ನನಗೆ ಜಾಗ ಕೊಟ್ಟವಳಂತೆ. ನಾನು ಡ್ರೈವರನಿಗೆ, ರೈಲಿಗೆ ಹೊತ್ತಾಯಿತು, ಬೇಗ ಹೋಗು ಎಂದೆ.

ಆ ದಿನದ ನಂತರ ನೀನು ಗೆಜ್ಜಿಯ ಹೆಸರೆತ್ತಲಿಲ್ಲ. ರೊಟ್ಟಿ ಕಟ್ಟಿ ಕೊಡಲಿಲ್ಲ. ಏನು ತಿಳಿದುಕೊಂಡೆ, ಎಷ್ಟು ತಿಳಿದುಕೊಂಡೆ, ನನಗೆ ಗೊತ್ತಿಲ್ಲ. ಗೆಜ್ಜಿ ಸತ್ತಿದೆ ಎಂದೇ? ಅದನ್ನು ರೇಸಿನವರಿಗೆ ಮಾರಿದೆ ಎಂದೇ? ಅಥವಾ ಅದು ಬದುಕಿದೆ, ಬೇರೆ ಯಾವುದೋ ಓಣಿಯಲ್ಲಿ ಬೇರೆ ಹೆಸರಿಗೆ ಬಾಲ ಅಲ್ಲಾಡಿಸುತ್ತಾ ನಿನ್ನನ್ನು ಮರೆತಿದೆ ಎಂದೇ? ಈ ಮೂರನೆಯದು ಬಹಳ ಕೆಟ್ಟದ್ದು. ಅದು ನಿನ್ನನ್ನು ಮರೆತಿರಲಿಲ್ಲ, ಮಾದೇವಿ. ಮರೆಯುವಷ್ಟು ಕಾಲ ಅದು ಬದುಕಲೇ ಇಲ್ಲ. ನೀನು ಹೋಗುವ ಮೊದಲು ಇಷ್ಟನ್ನಾದರೂ ಹೇಳಬಹುದಿತ್ತು. ನಿನ್ನ ಹಾಸಿಗೆಯ ಪಕ್ಕದಲ್ಲಿ ಅಷ್ಟು ದಿನ ಕುಳಿತಿದ್ದೆ. ನೀರು ಬೇಕೇ ಎಂದು ಕೇಳುತ್ತಿದ್ದೆ, ಬೆನ್ನು ನೋಯುತ್ತದೆಯೇ ಎಂದು ಕೇಳುತ್ತಿದ್ದೆ. ಇದನ್ನು ಮಾತ್ರ —

ನೀನು ಹೋದ ಮೇಲೆ ಆ ಕೋಣೆಯಲ್ಲಿ ಹೊರಗಿನ ಸದ್ದೆಲ್ಲ ಜಾಸ್ತಿ ಕೇಳಿಸತೊಡಗಿತು. ಫ್ಯಾಕ್ಟರಿಯ ಸೈರನ್ನು, ತೋಡಿನ ನೀರು, ಮುಂದಿನ ಸಾಲಿನ ನಾಯಿಗಳ ಬೊಗಳು. ನನ್ನ ಸಾಲಿನಿಂದ ಮಾತ್ರ ಏನೂ ಇಲ್ಲ. ಕಲಿಸಿದವನು ನಾನಲ್ಲವೇ.

ನೋಂದಣಿಯ ನವೀಕರಣಕ್ಕೆ ಮತ್ತೆ ಅಧಿಕಾರಿಗಳು ಬಂದರು. ಈ ಸಲ ಬೇರೆಯವರು, ಇಬ್ಬರು ಗಂಡಸರು. ಅವರು ಬರುವ ಮೊದಲು ನಾನು ಎಂದಿನಂತೆ ಹಿಂದಿನ ಸಾಲನ್ನು ಗೋಡೌನಿನಲ್ಲಿ ಕೂಡಿಹಾಕಿ, ಹಣೆಗೆ ಊದಿ, "ತಡಿ" ಎಂದು ಬಂದಿದ್ದೆ. ಅದನ್ನೂ ಬರೆಯಬೇಕು, ಮೊದಲೇ ಏನೋ ನಿರ್ಧಾರ ಮಾಡಿದ್ದೆ ಎಂದು ಯಾರೂ ತಿಳಿಯಬಾರದು. ನೆರಳಿಗೆ ಕುರ್ಚಿ ಹಾಕಿದರು. ನಾನು ಚಹಾ ತಂದೆ. ಲೋಟ ತೆಗೆದುಕೊಳ್ಳುತ್ತಾ ಅವರಲ್ಲಿ ಹಿರಿಯರು ಸುತ್ತ ನೋಡಿ, ಪರವಾಗಿಲ್ಲ, ಬಹಳ ಶಾಂತವಾಗಿದೆ ಎಂದರು.

ಅದೇ ಮಾತು.

ತಟ್ಟೆಯನ್ನು ನೆಲಕ್ಕಿಟ್ಟು ಅಂಗಳದ ನಡುವೆ ಹೋಗಿ ನಿಂತೆ. "ಛೂ," ಎಂದೆ. ಮೊದಲನೆಯದು ನನಗೇ ಕೇಳಿಸಲಿಲ್ಲ. ಮುದಲಾಳಿ ತಲೆ ಎತ್ತಿ ನೋಡಿದರು. ಉಸಿರು ಎಳೆದುಕೊಂಡು, ಹೊಲದಲ್ಲಿ ಅಪ್ಪ ಕೂಗುತ್ತಿದ್ದಂತೆ ಕೂಗಿದೆ — ಛೂ! ಛೂ! ಛೂ!

ಗೋಡೌನಿನ ತಗಡು ನಡುಗಿತು. ಒಳಗಿನಿಂದ ಒಂದು, ಅದರ ಹಿಂದೆ ಎಲ್ಲವೂ, ಬಾಗಿಲಿಗೆ ಮೈ ಹೊಡೆದು ಬೊಗಳತೊಡಗಿದವು. ಅಧಿಕಾರಿಗಳು ಎದ್ದು ನಿಂತರು. "ಸಿದ್ದಪ್ಪಾ, ಎಂದಾಡಾ ನೀ ಈ ಕಾಣಿಕ್ಕುನ್ನೆ?" — ಏನೋ ಇದು ನೀನು ಮಾಡುತ್ತಿರುವುದು ಎಂದು ಮುದಲಾಳಿ ಕೇಳಿದ್ದು ಬೈಗುಳದಂತಿರಲಿಲ್ಲ, ನಿಜವಾಗಿ ತಿಳಿಯದೆ ಕೇಳಿದಂತಿತ್ತು.

ಆ ಅಧಿಕಾರಿಗಳಿಗೆ ಎಲ್ಲ ಹೇಳಿದೆ. ಗೆಜ್ಜಿಯ ವಿಷಯವನ್ನೂ ಹೇಳಿದೆ, ಮಣ್ಣು ಮಾಡಿದ ಜಾಗ ತೋರಿಸಿದೆ. ನನ್ನ ಹೆಸರನ್ನೂ ಬರೆದುಕೊಳ್ಳಿ ಎಂದೆ, ಬರೆದುಕೊಂಡರು. ಆ ನಾಯಿಗಳನ್ನು ಬೇರೆ ಕಡೆ ಒಯ್ದಿದ್ದಾರೆ. ವಿಚಾರಣೆ ನಡೆದಿದೆ, ಕರೆದಾಗ ಕಾಕ್ಕನಾಡಿನ ಜಿಲ್ಲಾ ಕಚೇರಿಗೆ ಹೋಗಿ ನಿಲ್ಲುತ್ತೇನೆ. ನನಗೂ ಶಿಕ್ಷೆಯಾಗಬಹುದು, ಆಗಲಿ. ಅವರಲ್ಲಿ ಒಂದೇ ಮಾತು ಕೇಳಿಕೊಂಡೆ. ಇನ್ನು ಮುಂದೆ ಯಾವ ನಾಯಿಮನೆ ನೋಡಲು ಹೋದರೂ ಕಿವಿಯನ್ನು ನಂಬಬೇಡಿ, ಸದ್ದಿಲ್ಲದ ಬಾಗಿಲನ್ನು ಮೊದಲು ತೆಗೆಸಿ. ಇದನ್ನು ಒಳ್ಳೆಯ ಕೆಲಸವೆಂದು ಬರೆಯುತ್ತಿಲ್ಲ. ಬಹಳ ತಡವಾಗಿ, ಅದೂ ನೀನು ನೋಡಲು ಇಲ್ಲದಾಗ ಮಾಡಿದ್ದು. ಓಣಂಗೆ ರೇಖಾ ಬಂದಾಗ ಅವಳಿಗೆ ಇದನ್ನು ಓದಿ ಹೇಳುತ್ತೇನೆ. ಅವಳು ಯಾವ ಭಾಷೆಯಲ್ಲಿ ಬೇಕಾದರೂ ಬೈಯಲಿ.

ಆ ದಿನ ಚಿಲಕ ತೆಗೆದವನು ನಾನೇ. ನಾಯಿಗಳು ಒಂದನ್ನೊಂದು ತುಳಿಯುತ್ತಾ ನನ್ನ ಮೊಣಕಾಲನ್ನು ಸವರಿಕೊಂಡು ಬಿಸಿಲಿಗೆ ನುಗ್ಗಿದವು. ಎಲ್ಲವೂ ಬಂದವು. ಒಳಗೆ ಫ್ಯಾನ್ ತಿರುಗುತ್ತಿತ್ತು, ಚೀಲಗಳ ಹಿಂದೆ ಯಾರೂ ಇರಲಿಲ್ಲ. ಆದರೂ ನಾನು ಬಾಗಿಲು ಹಿಡಿದುಕೊಂಡೇ ನಿಂತಿದ್ದೆ. ಅಧಿಕಾರಿಗಳು ಮುಚ್ಚಲು ಹೇಳಿದಾಗ, "ತಡೀರಿ, ಇನ್ನೊಬ್ಬಾಕಿ ಬರಬೇಕು," ಎಂದೆನಂತೆ.